ಒಂಬತ್ತು ಕಳೆದು ಎರಡು ಕೂಡಿ

ಒಂಬತ್ತು ಸಾಲು ಕಳೆದು ಎರಡು ಕೂಡಿದ್ದಾನೆ ಹುಡುಗ.
ಕುಟಾಯಿಸಿಯವನು, ಹೆಸರು ಬೆಸಿಕ್.
ಮೇಲೊಂದು ಒಕ್ಕಣೆ: ‘ಈ ಬೀಗ ಏನನ್ನು ಕಾಯುತ್ತಿದೆಯೋ
ನನಗೆ ಕಾಣಲಿಲ್ಲ. ತೆಗೆದರೆ ನೂರಕ್ಕೆ ನಾಲ್ಕು ಪಾಲು ವೇಗ.’

ಔಲು ಪಟ್ಟಣದಲ್ಲಿ ಒಂಬತ್ತೂವರೆ, ಇನ್ನೂ ಕತ್ತಲೆ.
ಕಾಫಿ ಎರಡನೆಯದು.
ಕಾಣಲಿಲ್ಲವಂತೆ!
ನಿನಗೆ ಹಾಲುಹಲ್ಲು ಬೀಳುವ ಮುಂಚೆ ಬರೆದದ್ದು, ಮಗು,
ನಾನು, ಮಾರ್ಕೆತ್ತಾ ರೌತಿಯೊ. ನಮ್ಮ ಮನೆತನದ ಹೆಸರಿಗೆ
ಕಮ್ಮಾರ ಎಂದೇ ಅರ್ಥ.
ಬೀಗ ಬರೆದು ಬೀಗಿದ್ದೆ ಒಂದು ವಾರ.

ಪುಟವೊಂದು ಯಾರ ಕೈಯಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ
ಒರೆಸಿ ಇನ್ನೊಬ್ಬರಿಗೆ ಕೊಡಬೇಕು.
ಎಣಿಕೆ ಒಂದು ತಪ್ಪಿತೋ
ಯಾರದೋ ಸಾಲದ ಲೆಕ್ಕದ ನಡುವೆ
ಯಾರದೋ ಮಗುವಿನ ಫೋಟೋದ ಅರ್ಧ ಕಿವಿ.
ಅದೂ ಹತ್ತು ಕೋಟಿಗೊಮ್ಮೆ, ಯಾರೂ ನೋಡದಿರುವಾಗ.
ನೋಡುತ್ತ ಕೂತರೆ ಆಗುವುದೇ ಇಲ್ಲ.

ಬೀಗ ಮುಟ್ಟುವ ಹದಿನಾಲ್ಕು ದಾರಿ.
ಒಂದೊಂದನ್ನೂ ಹಿಡಿದು ನಡೆದೆ, ಬೆರಳಿಟ್ಟುಕೊಂಡು,
ಊಟ ಬಿಟ್ಟು.
ಬೀಗ ಕಾಯುತ್ತಿದ್ದ ಪಟ್ಟಿ
ಒಂಬತ್ತು ವರ್ಷದ ಹಿಂದೆಯೇ ಕಿತ್ತುಹೋಗಿದೆ.
ಕಿತ್ತವರು ಯಾರೆಂದು ಹುಡುಕಿದೆ.
ನಾನೇ.

ಕಿಟಕಿಯಾಚೆ ಹೆಪ್ಪುಗಟ್ಟಿದ ಅಳಿವೆ.
ನೆರೆಮನೆಯ ತೌನೊ ಮೀನಿಗೆಂದು ತೂತು ಕೊರೆಯುತ್ತಾನೆ,
ರಾತ್ರಿ ಸ್ಕೀಯಲ್ಲಿ ಬರುವವರು ಬೀಳದಿರಲಿ ಎಂದು
ಪಕ್ಕಕ್ಕೊಂದು ಸ್ಪ್ರೂಸ್ ರೆಂಬೆ ನೆಡುತ್ತಾನೆ.
ಮೀನು ಸಿಗದಿದ್ದರೆ ಬೇರೆ ಕಡೆ ಹೋಗುತ್ತಾನೆ.
ತೂತು ಒಂದು ರಾತ್ರಿಗೆ ನಾಲ್ಕು ಬೆರಳು ಮುಚ್ಚಿ,
ವಾರಕ್ಕೆ ಮೊಳ ಮುಚ್ಚಿ,
ರೆಂಬೆ ಮಾತ್ರ ಏಪ್ರಿಲ್‌ವರೆಗೂ ನಿಂತೇ ಇರುತ್ತದೆ.
ಎಲ್ಲರೂ ಸುತ್ತಿ ಹೋಗುತ್ತಾರೆ.
ದಾರಿಯೇ ಹಾಗೆ ಬಾಗಿಬಿಟ್ಟಿದೆ.

ಆದರೂ ಆ ಹದಿನಾಲ್ಕನೆಯದು.
ನಿದ್ದೆಯಿಂದ ಏಳುವ ಯಂತ್ರ, ಅರೆಗಣ್ಣಲ್ಲಿ,
ಎಣಿಸುವ ಮೊದಲೇ ಪುಟಕ್ಕೆ ಕೈಚಾಚುತ್ತದೆಯಲ್ಲ?
ಅಲ್ಲಿ ಮಂಜು ತೆಳುವೇನೋ.
‘ಎಚ್ಚರವಾಗುವ ಹೊತ್ತಿನಲ್ಲಿ ಏನಾಗುತ್ತದೆ?’
ಇಷ್ಟೇ ಬರೆದೆ.
ಅನುಮಾನಕ್ಕೆ ಬರೆದೆನೋ, ಮುಯ್ಯಿಗೆ ಬರೆದೆನೋ,
ಕಳಿಸುವಾಗ ಗೊತ್ತಿರಲಿಲ್ಲ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ರಾತ್ರಿ ಉತ್ತರ:
ಅತ್ತೆಯ ಔಷಧಿ ಅಂಗಡಿಯ ಹಳೆಯ ಯಂತ್ರವನ್ನು
ಆರು ಸಾವಿರ ಸಲ ಮಲಗಿಸಿ ಎಬ್ಬಿಸಿದ್ದಾನೆ.
‘ಹೌದು. ಎರಡು ಸಲ ಬಿತ್ತು.’
ಕೈಚಾಚುವ ಮುಂಚೆ ಎಣಿಕೆ ಏರಿಸುವ ಒಂದು ಸಾಲು ಸೇರಿಸಿದ್ದಾನೆ.
ಬೀಗ ಹಾಗೇ ಹೋಗಿದೆ.
ಅತ್ತೆ ಬೈದಳಂತೆ, ಅದನ್ನೂ ಬರೆದಿದ್ದಾನೆ.

ಕೊನೆಯಲ್ಲಿ ನನ್ನ ಹೆಸರು ಹಾಕಬೇಕು: ಓದಿ ನೋಡಿದವಳು.
ಚೆನ್ನಾಗಿದೆ ಎಂದಲ್ಲ ಅದರ ಅರ್ಥ.
ಮುರಿದರೆ ಇವನೊಬ್ಬನನ್ನೇ ಎಬ್ಬಿಸಬೇಡಿ ಎಂದು.

ಹೆಸರು ಹಾಕಿ, ಸ್ಕೀ ಕಟ್ಟಿ, ಅಳಿವೆ ದಾಟಿ ಅಂಗಡಿಗೆ ಹೊರಟೆ,
ಹಾಲು ಮುಗಿದಿತ್ತು.
ರೆಂಬೆಯ ಕೆಳಗೆ ಮೊಳದಷ್ಟು ಗಟ್ಟಿ ಎಂದು ಗೊತ್ತು.
ಕಾಲು ಸುತ್ತಿಯೇ ಹೋಯಿತು.