ಪರೀಕ್ಷೆಗೆ ಒಂದು ವಾರ ಮುಂಚೆ

ಇಪ್ಪತ್ತೆರಡು ವರ್ಷ ಹಡಗಿನ ಹೊಟ್ಟೆಯೊಳಗೆ
ಬೆಸುಗೆ ಹಾಕಿದವನು
ಈಗ ಇಸವಿಗಳನ್ನು ಉರು ಹೊಡೆಯುತ್ತಿದ್ದೇನೆ.
ಕಾಯಿಸಿದರೆ ಕಬ್ಬಿಣವಾದರೂ ಮಾತು ಕೇಳುತ್ತಿತ್ತು.
ಗ್ದಾನ್ಸ್ಕ್ ಪೇಟೆಯ ಮಾರ್ಗದರ್ಶಿ: ಎದೆಗೊಂದು ಬಿಲ್ಲೆ,
ಕೈಯಲ್ಲಿ ಕೆಂಪು ಕೊಡೆ, ಬೆನ್ನ ಹಿಂದೆ ಇಪ್ಪತ್ತು ಜನ.
ಆಗಬಹುದು, ಪಾಸಾದರೆ.

ಕೆಳಗಿನ ಅಂತಸ್ತಿನ ಗೆನೊವೆಫಾಜ್ಜಿ ಅಂದಳು,
"ಒಬ್ಬನೇ ಗೊಣಗ್ತಾ ಹೋದರೆ ಹುಚ್ಚ ಅಂತಾರೆ.
ನಾನೂ ಬರ್ತೀನಿ,
ಔಷಧಿ ಅಂಗಡಿಗೆ ಹೇಗೂ ಹೋಗಬೇಕು."

ಬಂಗಾರದ ಬಾಗಿಲು, ಸಾವಿರದ ಆರುನೂರ ಹನ್ನೆರಡು.
ಮೇಲೆ ಶಾಂತಿ, ಸ್ವಾತಂತ್ರ್ಯ, ಸಂಪತ್ತು, ಕೀರ್ತಿ,
ಕಲ್ಲಿನ ಹೆಂಗಸರು ಸಾಲಾಗಿ.
ಅಜ್ಜಿ ಕತ್ತೆತ್ತಲಿಲ್ಲ.
"ಇಲ್ಲಿ ಗಾಳಿ ಜಾಸ್ತಿ," ತಲೆವಸ್ತ್ರ ಬಿಗಿದಳು.
ಗಾಲಿಚೀಲ ಕಲ್ಲುಹಾಸಿನ ಮೇಲೆ
ಕಟಕಟ ಕಟಕಟ, ನನ್ನ ಇಸವಿಗಳನ್ನೆಲ್ಲ ಉದುರಿಸುತ್ತ.

ಕಾರಂಜಿಯ ಹತ್ತಿರ ಕೂತಳು. ನಾನು ಶುರು ಮಾಡಿದೆ:
ನೆಪ್ಚೂನ್, ಸಮುದ್ರದ ದೇವರು, ಕಂಚಿನವನು...
"ಯುದ್ಧದಲ್ಲಿ ಇವನನ್ನ ಬಚ್ಚಿಟ್ಟಿದ್ದರು.
ವಾಪಸು ಬಂದಾಗ ನನಗೆ ಹದಿನಾರು.
ನಾವು ಆರು ಜನ ಒಂದು ಅಡುಗೆಮನೆಯಲ್ಲಿ.
ಮೈಮೇಲೆ ಬಟ್ಟೆ ಇಲ್ಲದವನಿಗೆ ನೋಡು,
ನಮಗಿಂತ ಮೊದಲು ಜಾಗ ಸಿಕ್ತು."

ವಿಲ್ನೋದಿಂದ ಸಾಮಾನಿನ ರೈಲಿನಲ್ಲಿ ಬಂದವಳು,
ಏಳು ವರ್ಷದವಳು, ಒಂದು ಆಡಿನ ಜೊತೆ.
ಆಗ ಈ ಬೀದಿ ಇರಲಿಲ್ಲ,
ಬೀದಿಯ ಉದ್ದದ ಒಂದು ರಾಶಿ ಇತ್ತು.
ಶನಿವಾರ ಮಕ್ಕಳನ್ನೆಲ್ಲ ಸಾಲು ಕೂರಿಸಿ
ಇಟ್ಟಿಗೆಗಂಟಿದ ಗಾರೆ ಕೆತ್ತಿಸುತ್ತಿದ್ದರಂತೆ.
ಅದಕ್ಕೇ ಅವಳು ಗೋಡೆಗಳನ್ನು ನೋಡುವುದು
ತಾನೇ ಬಾಚಿ ಕಳಿಸಿದ ಹುಡುಗಿಯರ
ಜಡೆ ನೋಡುವ ಹಾಗೆ.

ಕಡೆಗೆ ನಮ್ಮದೇ ಮನೆ, ಕಲ್ಲಾಮೆಯ ಮನೆ.
"ಇದಕ್ಕೆಷ್ಟು ವಯಸ್ಸು, ಹೇಳು ಮಾರ್ಗದರ್ಶಿ?"
ನಾನೂರಕ್ಕೆ ಎಂಟು ಕಡಿಮೆ, ಅಂದೆ.
"ನನಗಿಂತ ಚಿಕ್ಕದು. ಇದರ ಗಿಲಾವು ಒಣಗೋ ಮುಂಚೆ
ನನ್ನ ಮದುವೆ ಮಾತುಕತೆ ಆಗಿತ್ತು."

ಬೀದಿಗೆ ಮೂರು ಮುಖ, ಮೂರು ಬಣ್ಣ, ಮೂರು ಶಿಖರ.
ಒಳಗೆ ಮೂರಕ್ಕೂ ಸೇರಿ ಒಂದೇ ಮೆಟ್ಟಿಲು,
ಹಡಗುಕಟ್ಟೆಯವರಿಗೆಂದು ಕಟ್ಟಿದ ಸಣ್ಣ ಮನೆಗಳು.
ಇಷ್ಟು ವರ್ಷ ಹತ್ತಿ ಇಳಿದಿದ್ದೇನೆ,
ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ಎಪ್ಪತ್ತಮೂರರಲ್ಲಿ ಒಬ್ಬಳು ಬಂದಿದ್ದಳಂತೆ, ಜರ್ಮನಿಯವಳು.
ರಸ್ತೆಯಲ್ಲಿ ನಿಂತು ಬೆರಳು ಚಾಚಿ ಕಿಟಕಿ ಎಣಿಸುತ್ತಿದ್ದಳು.
ಇವಳ ಭಾಷೆ ಅವಳಿಗಿಲ್ಲ, ಅವಳದು ಇವಳಿಗಿಲ್ಲ.
ಅಜ್ಜಿ ಕೈಸನ್ನೆ ಮಾಡಿ ಮೇಲೆ ಕರೆದಳು,
ಚಹಾಕ್ಕೆ ನೀರಿಟ್ಟಳು.
ಬಂದವಳು ಅಡುಗೆಮನೆಯ ಮಧ್ಯೆ ನಿಂತು
ಗ್ಯಾಸ್ ಒಲೆಯ ಪಕ್ಕ, ಖಾಲಿ ಗಾಳಿಯಲ್ಲಿ
ಬಲಗಾಲು ಎತ್ತಿದಳು,
ಅಲ್ಲೊಂದು ಮೆಟ್ಟಿಲಿದ್ದ ಹಾಗೆ.
ಸರಿಯಾಗಿ ಒಂದು ಗೇಣು.
ಆಮೇಲೆ ಮೆಲ್ಲಗೆ ಇಳಿಸಿದಳು.

"ನೀನು ವಿಲ್ನೋಗೆ ಹೋಗಿಬಂದೆಯಾ ಅಜ್ಜಿ?"
"ಇಲ್ಲಪ್ಪ. ಬಸ್ಸಿದೆ, ದುಡ್ಡೂ ಇತ್ತು.
ಯಾರದೋ ಅಡುಗೆಮನೆಯಲ್ಲಿ ಹಾಗೆ ಕಾಲೆತ್ತೋದಕ್ಕೆ
ಮಂಡಿ ಗಟ್ಟಿ ಇರಬೇಕು."

ಬಂದರಿನ ಮರದ ಕ್ರೇನು ನೋಡುವುದು ಉಳಿಯಿತು,
ದೊಡ್ಡ ಚರ್ಚಿನ ಗಡಿಯಾರವೂ.
ಮಂಡಿಯ ಮುಲಾಮು ಮಾತ್ರ ಕೊಂಡಿದ್ದಾಯಿತು.
ಮೆಟ್ಟಿಲ ಬುಡದಲ್ಲಿ ಅವಳು ನಿಂತಳು,
"ಇದೆಲ್ಲ ಪರೀಕ್ಷೇಲಿ ಕೇಳಲ್ಲ ಅಲ್ವಾ?"
ಕೇಳಲ್ಲ, ಅಂದೆ.
"ಹಾಗಿದ್ರೆ ಸುಮ್ಮನೆ ಚೀಲ ಎತ್ತು."