ಒಳ್ಳೇ ದಿನ

ನಾವು ಅದನ್ನು ಮೊಳೆಗೋಲು ಅಂತಲೇ ಕರೆಯುತ್ತಿದ್ದೆವು.
ಆಳೆತ್ತರದ ಆಶ್ ಮರದ ಕೋಲು, ತಲೆ ದಪ್ಪ,
ತಲೆಗೊಂದು ಕಬ್ಬಿಣದ ಪಟ್ಟಿ,
ಪಟ್ಟಿಯ ನಡುವಿಂದ ಎದ್ದ ಗೇಣುದ್ದ ಮೊಳೆ.
ಕಮ್ಮಾರ ಹುಬ್ರೆಖ್ಟ್ ನಾಲ್ಕು ಕಾಸು ಹೇಳಿದ.
ನನ್ನ ಗಂಡ ಮೂರು ಕೊಟ್ಟು, ಉಳಿದೊಂದಕ್ಕೆ
ಅವನ ಹೆಂಡತಿಯ ಹಳೇ ಉಣ್ಣೆ ಮೇಲಂಗಿ ತುಳಿದು ಕೊಟ್ಟ.

ಹೆಸರಿಟ್ಟವರು ಫ್ರೆಂಚರು, ಆಮೇಲೆ.
'ಒಳ್ಳೇ ದಿನ'.
ನಮ್ಮದೇ ಮಾತು, ಅವರ ನಾಲಿಗೆಯಲ್ಲಿ ಸೊಟ್ಟಗೆ.
ಕುದುರೆಯಿಂದ ಬಿದ್ದವನಿಗೆ
ಮೊದಲು ಸಿಕ್ಕ ನಮಸ್ಕಾರ ಅದಂತೆ.

ಜೇಘರ್ ಜಟ್ಟಿಯಲ್ಲ, ಬೇಟೆಗಾರನೂ ಅಲ್ಲ.
ಇಪ್ಪತ್ತು ವರ್ಷ ತೊಟ್ಟಿಯಲ್ಲಿ ನಿಂತು ಬಟ್ಟೆ ತುಳಿದವನು.
ಹಳಸಿದ ಉಚ್ಚೆ, ಜೇಡಿಮಣ್ಣು, ಮೊಣಕಾಲ ತನಕ.
ಬ್ರೂಜ್ ಊರಿಗೆ ಊರೇ ಮೂಗು ಮುಚ್ಚಿ ದಾಟುವ ಓಣಿ ನಮ್ಮದು.
ಮದುವೆಯ ರಾತ್ರಿ ನಾನೇ ಹೇಳಿದ್ದೆ,
ಕಾಲು ಮಾತ್ರ ಕಂಬಳಿಯ ಹೊರಗಿರಲಿ ಅಂತ.

ಅವನಿಗೆ ತಿಳಿದಿದ್ದುದು ಬಟ್ಟೆ ಒಂದೇ.
ಎಲ್ಲಿ ಜಾಳು, ಎಲ್ಲಿ ಪಿಸಿಯುತ್ತದೆ,
ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತು.
ಸರಪಣಿ ಅಂಗಿ ಕಂಡಾಗಲೂ ಹಾಗೇ.
ಹೆದರಲಿಲ್ಲ ಅಂತಲ್ಲ. ಹೆದರಿಕೆ ಬೇರೆ ಥರದ್ದಾಗಿತ್ತು.
"ಅದೂ ನೇಯ್ಗೆಯೇ ಆಖ್ತೆ,
ಬಳೆಗೆ ಬಳೆ ಕೋದದ್ದು.
ಕತ್ತಿ ಎಲ್ಲ ಬಳೆಗಳ ಹತ್ತಿರ ಒಟ್ಟಿಗೆ ಜಗಳಕ್ಕೆ ನಿಲ್ಲುತ್ತೆ, ಸೋಲುತ್ತೆ.
ಮೊಳೆ ಒಂದೇ ಒಂದನ್ನು ಪಕ್ಕಕ್ಕೆ ಕರೆಯುತ್ತೆ.
ಒಂದು ಬಾಯಿ ಬಿಟ್ಟರೆ ಸಾಕು.
ಕಂಕುಳು, ಮಂಡಿಯ ಹಿಂದೆ, ಗದ್ದದ ಕೆಳಗೆ.
ಎಲ್ಲ ಅಂಗಿಯೂ ಸವೆಯುವುದು ಅಲ್ಲೇ ತಾನೆ?"

ಜುಲೈ. ಕೋರ್ಟ್ರೈಕಿನ ಹೊರಗೆ ತೊರೆ, ಕಾಲುವೆ, ಕೆಸರು.
ನೇಕಾರರು, ಕಟುಕರು, ತುಳಿಯುವವರು
ಮೊಣಕೈಗೆ ಮೊಣಕೈ ತಾಗಿಸಿ ನಿಂತರಂತೆ.
ಪ್ರಸಾದ ಎಲ್ಲರಿಗೂ ಸಾಲದೆ
ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡರಂತೆ.
ಕೋಲಿನ ಬುಡ ನೆಲಕ್ಕೂರಿ ಮೇಲೆ ಅಂಗಾಲೊತ್ತಿದ.
ತುಳಿಯುವುದು ಅವನಿಗೆ ಹೊಸದೇ?
ಕುದುರೆ ತಾನಾಗಿ ಬಂದು ಎದೆ ಕೊಟ್ಟಿತು.
ಕುದುರೆಯ ಬಗ್ಗೆ ಅವನು ಅಷ್ಟೇ ಹೇಳುವುದು.

ಸವಾರನ ಬಗ್ಗೆ ಒಂದು ಸಲ, ಕುಡಿದಿದ್ದಾಗ.
ತೊರೆಯಲ್ಲಿ ಮಕಾಡೆ ಬಿದ್ದಿದ್ದನಂತೆ,
ನೆನೆದ ಥಾನಿನಷ್ಟು ಭಾರ. ಮಗುಚಿದ.
ಸರಪಣಿಯ ಮೇಲೆ ಕೆಂಪು ನಿಲುವಂಗಿ,
ಅಂಚಿನಲ್ಲಿ ಸೀಸದ ಮುದ್ರೆ ಕಿತ್ತ ತೂತು.
ನಮ್ಮೂರಿನ ಕೆಂಪು.
ತಾನೇ ತುಳಿದದ್ದು ಇರಬಹುದು, ಇಲ್ಲದೆಯೂ ಇರಬಹುದು.
ಆ ಮನುಷ್ಯ ಏನೋ ಅಂದ, ಬೇಗ ಬೇಗ, ಎರಡು ಸಲ.
ಜೇಘರನಿಗೆ ಬರುವ ಫ್ರೆಂಚು ಎರಡೇ ಮಾತು,
ವರ್ತಕರಿಂದ ಕಲಿತದ್ದು: ಮೊಳ, ಬೆಲೆ.
ಎರಡನೆಯದು ಕೇಳಿಸಿತಂತೆ.

ಸೆರೆ ಹಿಡಿಯಕೂಡದು ಅಂತ ಅಪ್ಪಣೆಯಿತ್ತು.

ಬಂಗಾರದ ಲಾಳಮುಳ್ಳು ತಂದವರು ತಂದರು, ಚರ್ಚಿನಲ್ಲಿ ನೇತುಹಾಕಿದರು.
ಇವನು ಬರಿಗೈಲಿ ಬಂದು,
ಸೋಮವಾರ ಮತ್ತೆ ತೊಟ್ಟಿಗಿಳಿದ.
ಬೆಳಿಗ್ಗೆ ಎದುರು ಮನೆಯ ಮಾಖ್ತೆಲ್ಟ್ "ಒಳ್ಳೇ ದಿನ" ಅಂದರೆ
ಕೈಯೆತ್ತುತ್ತಾನೆ, ಬಾಯಿ ತೆರೆಯುವುದಿಲ್ಲ.
ಜಂಬ ಅನ್ನುತ್ತಾಳೆ ಅವಳು.

ಮೊಳೆ ಕೀಳುವುದಕ್ಕೆ ಹುಬ್ರೆಖ್ಟ್ ಎರಡು ಕಾಸು ಕೇಳುತ್ತಾನೆ.
ಹಾಕುವಾಗ ನಾಲ್ಕು, ತೆಗೆಯುವುದಕ್ಕೂ ದುಡ್ಡೇ?
ನಾನು ಕೊಟ್ಟಿಲ್ಲ.
ಕೋಲು ಒಲೆಯ ಪಕ್ಕ ನಿಂತಿದೆ, ಮೊಳೆ ಮೇಲಾಗಿ.
ಅವನ ಒದ್ದೆ ಕಾಲುಚೀಲ ಅದರ ಮೇಲೆ ಒಣಗುತ್ತದೆ.