ತೊಂಬತ್ತೊಂದು

ಇಂಡಿಯ ಮಾರುಕಟ್ಟೆಯ ಕಟ್ಟೆಗೆ ಗೋಣಿತಟ್ಟು ಹಾಸಿ
ನಿಂಬೆ ಎಣಿಸುವ ನಮ್ಮ ಸಾವಂತ್ರೆವ್ವಾಯಿ
'ಒಂದು' ಅಂದವಳೇ ಅಲ್ಲ.
ಮೊದಲ ಕಾಯಿಗೆ 'ಲಾಭ',
ಆಮೇಲೆ ಎರಡು, ಮೂರು.
ಅದಕ್ಕೇ, ಒಂದು ಅವಿಭಾಜ್ಯವೂ ಅಲ್ಲ, ಭಾಜ್ಯವೂ ಅಲ್ಲ ಎಂದು
ಬಿರಾದಾರ ಮಾಸ್ತರರು ಹಲಗೆಯ ಮೇಲೆ ಬರೆದ ದಿನ
ತರಗತಿಯಲ್ಲಿ ನನಗೊಬ್ಬಳಿಗೇ ಆಶ್ಚರ್ಯವಾಗಲಿಲ್ಲ.

ಮನೆಪಾಠ: ನೂರರೊಳಗಿನ ಅವಿಭಾಜ್ಯಗಳನ್ನು ಗುರುತಿಸಿ.
ಪಾಟಿ ಹಿಡಿದು ಅವಳ ಪಕ್ಕ ಕೂತೆ.
"ಓದಾಕ ಬರಂಗಿಲ್ಲ ನನಗ, ಹಚ್ಚಿ ನೋಡೂಣು."
ಹನ್ನೆರಡು ಕಾಯಿ ಹಚ್ಚಿದಳು: ಮೂರು ಸಾಲು, ನಾಲ್ಕರಂತೆ;
ಕೆಡಿಸಿ ಎರಡು ಸಾಲು, ಆರರಂತೆ.
ಕೂರಿಸಿದಲ್ಲಿ ಕೂರುವ ಒಳ್ಳೆಯ ಬೀಗರು.
ಹದಿಮೂರು ಹಚ್ಚಿದಳು.
ಹೇಗಿಟ್ಟರೂ ಒಂದಾದರೂ ಉರುಳಿ ಹೊರಗೆ;
ಕೊನೆಗೆ ರೇಶನ್ನಿಗೆ ನಿಂತ ಹಾಗೆ
ಒಂದೇ ಉದ್ದ ಸಾಲು.
"ಇದು ಹಟಮಾರಿ. ಬರಕೋ."

ಎಷ್ಟಂತ ಹಚ್ಚುವುದು? ಮೊಳಕಾಲು ನೋಯತೊಡಗಿ
ಅವಳೇ ಹಾದಿ ಹುಡುಕಿದಳು.
ಜೋಡು ಜೋಡಾಗಿ ಹೋಗುವುದು ಬೇಡ, ಎರಡೊಂದನ್ನು ಬಿಟ್ಟು.
ಕೈತುಂಬ ಐದೈದು ಎತ್ತಿ ಮುಗಿಯುವುದು ಬೇಡ, ಐದೊಂದನ್ನು ಬಿಟ್ಟು.
ಮೂರಕ್ಕೆ ನಾನು ಹೇಳಿದೆ:
ಐವತ್ತೇಳರ ಐದೂ ಏಳೂ ಕೂಡಿಸಿದರೆ ಹನ್ನೆರಡು,
ಮೂರರ ಮನೆಯದೇ ಕೂಸು, ಬೇಡ.
"ಏಳಕ್ಕ?"
ಏಳಕ್ಕೆ ಮಾಸ್ತರರೂ ಉಪಾಯ ಹೇಳಿರಲಿಲ್ಲ.
"ಏಳು ಅಂದರ ಏಳು," ಆಯಿ ನಕ್ಕಳು,
"ಕೂತು ಆಗೂ ಕೆಲಸಲ್ಲ, ಎದ್ದು ಹಂಚೇ ನೋಡಬೇಕು."

ನಲವತ್ತೊಂಬತ್ತು, ಎಪ್ಪತ್ತೇಳು ಮಗ್ಗಿಗೇ ಸಿಕ್ಕವು.
ಅಷ್ಟರಲ್ಲಿ ನನಗೆ ನಿದ್ದೆ.

ಪಟ್ಟಿಯಲ್ಲಿ ಇಪ್ಪತ್ತಾರು.
"ಇರೋವು ಇಪ್ಪತ್ತೈದ. ಒಬ್ಬ ಕಳ್ಳ ಹೊಕ್ಕಾನ, ಹುಡುಕು"
ಮಾಸ್ತರರು ಪಾಟಿ ತಿರುಗಿ ಕೊಟ್ಟರು.

ಆ ಸಂಜೆ ಎಣಿಕೆ ಮುಗಿದು
ಹೆಂಗಸರ ಪಾಲಿಗೆ ಉಳಿದ ಕಾಯಿ ತೊಂಬತ್ತೊಂದು.
ಗುಮಾಸ್ತ ಈರಪಣ್ಣ ಪೆನ್ನು ಕಿವಿಗೆ ಸಿಗಿಸಿ
"ಎರಡಕ್ಕ ಹೋಗಂಗಿಲ್ಲ, ಮೂರಕ್ಕಿಲ್ಲ, ಐದಕ್ಕಿಲ್ಲ.
ಸಮಾ ಪಾಲಾಗದ ಮಾಲು ಅಂಗಡಿಗೇ ಇರಲಿ"
ಎಂದು ಬುಟ್ಟಿ ಎಳೆದುಕೊಂಡ.
ನನ್ನ ಪಾಟಿಯೂ ಅವನ ಕಡೆಗೇ ಇತ್ತು.

ಆಯಿ ಸೆರಗಿನ ಧೂಳು ಕೊಡವಿ ಎದ್ದಳು.
ಹಿಂದೆಯೇ ಹುಸೇನಬಿ, ಗಂಗೂಬಾಯಿ,
ಅಕ್ಕ ತಂಗಿ ಲಕ್ಕವ್ವ ದುಂಡವ್ವ,
ಬಸುರಿ ಚಂಪಾ, ಕಿವಿ ಕೇಳದ ನೀಲವ್ವ.
ಯಾರೂ ಬಾಯಿ ತೆರೆಯಲಿಲ್ಲ, ಉಡಿ ಒಡ್ಡಿದರು.
ಲಾಭ, ಎರಡು, ಮೂರು...
ಒಬ್ಬೊಬ್ಬಳ ಉಡಿಗೆ ಹದಿಮೂರು,
ಅದೇ ಹಟಮಾರಿ ಹದಿಮೂರು.
ಬುಟ್ಟಿಯ ತಳದಲ್ಲಿ ಎರಡು ಎಲೆ.
ಎಂಬತ್ತೊಂಬತ್ತರ ಪಕ್ಕದ್ದನ್ನು
ನಾನು ಉಗುಳು ಹಚ್ಚಿ ಅಳಿಸಿದೆ.

ಮರುದಿನ ಉಳಿದವು ತೊಂಬತ್ತೇಳು.
ಇವು ನಿಜಕ್ಕೂ ಹಟಮಾರಿ. ಈರಪಣ್ಣನ ಮುಖ ಅರಳಿತು.
ಹದಿಮೂರರಂತೆ ಹಂಚಿ, ಮಿಕ್ಕ ಆರನ್ನು
ಆಯಿ ಕೊಡದ ನೀರಿಗೆ ಹಿಂಡಿದಳು, ಬೆಲ್ಲ ಕದಡಿದಳು,
ಮೊದಲ ಲೋಟ ಅವನಿಗೇ ಕೊಟ್ಟಳು.
ಕುಡಿದು, ಮೀಸೆ ಒರೆಸಿಕೊಂಡು,
"ಉಪ್ಪು ಕಡಿಮಿ ಆತು" ಅಂದ.